ಅಕ್ಕಾ, ಪ್ರೊಸೆಸರ್ ಈಗ್ಲೇ ಬದಲಿಸ್ಲಾ?

1/8

ಈ ತಿಂಗಳು ನನಗೆ ಬಂದಿರೋ ಮೆಸೇಜ್‌ಗಳಲ್ಲಿ ಜಾಸ್ತಿ ಇದೇ ಪ್ರಶ್ನೆ. "ಅಕ್ಕಾ, ರೈಜೆನ್ 2600 ಇದೆ, 5600ಗೆ ಹೋಗ್ಲಾ?" "ಐ5 9400ಎಫ್ ಇದೆ, ಪೂರ್ತಿ ಪಿಸಿ ಬದಲಿಸ್ಬೇಕಾ?" ಸೆಕೆಂಡ್ ಪಿಯು ಓದ್ತಿರೋ ಒಬ್ಬ ತಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರೆದಿದ್ದಾನೆ: "ರಿಸಲ್ಟ್ ಬಂದ್ಮೇಲೆ ದುಡ್ಡು ಕೊಡ್ತೀನಿ ಅಂದಿದ್ದಾರೆ ಅಪ್ಪ. ಏನಂತ ಕೇಳ್ಲಿ?"

ಇವುಗಳಲ್ಲಿ ಕಷ್ಟದ ಪ್ರಶ್ನೆ ಈ ಕೊನೇದೇ. ಯಾಕಂದ್ರೆ ಅಪ್ಪನ ಹತ್ರ ಇಂಥ ದುಡ್ಡು ಒಂದೇ ಸಲ ಕೇಳೋಕಾಗೋದು. ತಂದ ಮೇಲೆ "ಏನೂ ವ್ಯತ್ಯಾಸ ಆಗ್ಲಿಲ್ಲ, ಈಗ ಗ್ರಾಫಿಕ್ಸ್ ಕಾರ್ಡ್ ಬೇಕು" ಅಂತ ಮತ್ತೆ ಹೋಗಿ ನಿಲ್ಲೋಕೆ ಮುಖ ಇರಲ್ಲ.

ನಾನೂ ಈಗ ಇದೇ ಲೆಕ್ಕದಲ್ಲಿ ಕೂತಿದ್ದೀನಿ. ನನ್ನ ಪಿಸಿ ನನ್ನ ಮಾವನ ಮಗ 2019ರಲ್ಲಿ ಜೋಡಿಸಿದ್ದು, ಅವನು ಕೆಲಸಕ್ಕೆ ಅಂತ ಊರು ಬಿಟ್ಟಾಗ ನನಗೆ ಬಂತು. ರೈಜೆನ್ 5 2600, ಬಿ450 ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1660 ಸೂಪರ್, 144 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್. ಕೈಯಲ್ಲಿರೋದು 14,000 ರೂಪಾಯಿ. ಸಂಜೆ ಹೊತ್ತು ಒಬ್ಬ ಆಡಿಟರ್ ಆಫೀಸಲ್ಲಿ ಬಿಲ್ ಎಂಟ್ರಿ ಮಾಡಿದ್ರೆ ತಿಂಗಳಿಗೆ 3,500 ಬರುತ್ತೆ, ಅದರಲ್ಲಿ ಉಳಿಸಿದ್ದು. ಆದ್ದರಿಂದ ಈ ಸರಣಿ ಎಂಟು ಫೋಟೋ ಉದ್ದ ಇದೆ. ನಿಧಾನಕ್ಕೆ ಓದಿ.

2/8

ಮೊದಲು ಪ್ರೊಸೆಸರ್ ಗೇಮ್‌ನಲ್ಲಿ ಮಾಡೋ ಕೆಲಸ ಏನು ಅಂತ ನೋಡೋಣ.

ಒಂದು ದರ್ಶಿನಿ ನೆನಪು ಮಾಡ್ಕೊಳ್ಳಿ. ಕೌಂಟರ್‌ನಲ್ಲಿ ಒಬ್ಬರು ಆರ್ಡರ್ ತಗೊಂಡು ಒಳಗೆ ಕೂಗ್ತಾರೆ. ಒಳಗೆ ಭಟ್ಟರು ಹೆಂಚಿನ ಮೇಲೆ ದೋಸೆ ಹುಯ್ತಾರೆ. ಆರ್ಡರ್ ಕೂಗೋರು ಪ್ರೊಸೆಸರ್, ದೋಸೆ ಹುಯ್ಯೋರು ಗ್ರಾಫಿಕ್ಸ್ ಕಾರ್ಡ್. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಾಗಿತು, ಬಾಗಿಲು ತೆರೆದಿದೆಯಾ ಮುಚ್ಚಿದೆಯಾ, ಇದೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ "ಈ ಚಿತ್ರ ಬಿಡಿಸಿ" ಅಂತ ಹೇಳಬೇಕು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಿಡಿಸುತ್ತೆ. ಹೀಗೆ ಸಿದ್ಧವಾದ ಒಂದು ಚಿತ್ರವೇ ಒಂದು ಫ್ರೇಮ್.

ರೆಸಲ್ಯೂಶನ್ ಜಾಸ್ತಿ ಮಾಡೋದು ಅಂದ್ರೆ ದೋಸೆ ದೊಡ್ಡದು ಮಾಡೋದು. ಭಟ್ಟರಿಗೆ ಕೆಲಸ ಜಾಸ್ತಿ, ಕೂಗೋರಿಗೆ ಹೆಚ್ಚು ಕಮ್ಮಿ ಅಷ್ಟೇ. 4ಕೆ ಮಾನಿಟರ್‌ನಲ್ಲಿ ಆಡೋರಿಗೆ ಪ್ರೊಸೆಸರ್ ಬದಲಿಸಿದ್ರೂ ಎಷ್ಟೋ ಸಲ ವ್ಯತ್ಯಾಸ ಕಾಣದೇ ಇರೋದು ಇದಕ್ಕೇ. ಹೆಂಚೇ ಖಾಲಿ ಇಲ್ಲದಿರುವಾಗ ಜೋರಾಗಿ ಕೂಗಿ ಏನು ಪ್ರಯೋಜನ?

ಅದೇ 144 ಹರ್ಟ್ಸ್ ಮಾನಿಟರ್‌ನಲ್ಲಿ, ಕಡಿಮೆ ಸೆಟ್ಟಿಂಗ್‌ನಲ್ಲಿ, ಶೂಟಿಂಗ್ ಗೇಮ್ ಆಡೋದು ಅಂದ್ರೆ ಚಿಕ್ಕ ಚಿಕ್ಕ ದೋಸೆ, ಆದ್ರೆ ಸೆಕೆಂಡಿಗೆ 144 ಬೇಕು. ಅಂದರೆ ಒಂದೊಂದಕ್ಕೂ 6.9 ಮಿಲಿಸೆಕೆಂಡ್ ಮಾತ್ರ. ಇಲ್ಲಿ ಆರ್ಡರ್ ಕೂಗೋರು ತಡವರಿಸಿದ್ರೆ ಭಟ್ಟರು ಸುಮ್ಮನೆ ಕೈ ಕಟ್ಟಿ ನಿಂತಿರ್ತಾರೆ.

ಅದಕ್ಕೇ "ನನ್ನ ಪ್ರೊಸೆಸರ್ ಹಳೇದಾ?" ಅನ್ನೋ ಪ್ರಶ್ನೆಗೆ ಒಂಟಿಯಾಗಿ ಉತ್ತರ ಇಲ್ಲ. ಯಾವ ಗೇಮ್, ಯಾವ ಕಾರ್ಡ್, ಯಾವ ಮಾನಿಟರ್ ಅಂತ ಜೊತೆಗೆ ಕೇಳಬೇಕು.

3/8

ಈಗ ಅಳೆಯೋದು. ಖರ್ಚಿಲ್ಲ, ಒಂದು ಸಂಜೆ ಸಾಕು.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕ್ಕೊಳ್ಳಿ, ಅದರ ಜೊತೆ ಬರೋ ರಿವಾಟ್ಯೂನರ್ ಕೂಡ. ಎರಡೂ ಉಚಿತ. ಪರದೆ ಮೂಲೆಯಲ್ಲಿ ಮೂರು ಸಂಖ್ಯೆ ಬರೋ ಹಾಗೆ ಮಾಡಿ: ಸರಾಸರಿ ಎಫ್‌ಪಿಎಸ್, 1% ಲೋ, ಜಿಪಿಯು ಬಳಕೆ. 1% ಲೋ ಅಂದ್ರೆ ತೀರಾ ನಿಧಾನವಾಗಿ ಬಂದ ನೂರಕ್ಕೆ ಒಂದು ಪಾಲು ಫ್ರೇಮ್‌ಗಳ ವೇಗ. ಕೈಗೆ "ಜರ್ಕ್" ಅಂತ ಗೊತ್ತಾಗೋದು ಅದೇ. ಸರಾಸರಿ ನೋಡಿ ಖುಷಿ ಪಡಬೇಡಿ. ಕ್ಲಾಸಿನ ಸರಾಸರಿ ಅಂಕ ಚೆನ್ನಾಗಿದ್ರೂ ಹಿಂದಿನ ಬೆಂಚಲ್ಲಿ ಫೇಲ್ ಆದವರು ಇರ್ತಾರೆ.

ಜಿಪಿಯು ಬಳಕೆ 95ರಿಂದ 99% ಇದ್ರೆ ಭಟ್ಟರಿಗೆ ಪುರುಸೊತ್ತಿಲ್ಲ, ಪ್ರೊಸೆಸರ್ ಬದಲಿಸಿ ಉಪಯೋಗ ಇಲ್ಲ. ಎಫ್‌ಪಿಎಸ್ ಮೇಲೆ ನೀವೇ ಯಾವ ಮಿತಿಯನ್ನೂ ಹಾಕದೆ ಇರುವಾಗ ಬಳಕೆ 60ರ ಆಸುಪಾಸಲ್ಲಿ ಒದ್ದಾಡ್ತಿದ್ರೆ, ತಡ ಆಗ್ತಿರೋದು ಕೌಂಟರ್‌ನಲ್ಲಿ. ಖಾತ್ರಿ ಬೇಕಾ? ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ ಏರಿದ್ರೆ ಕಾರ್ಡಿನ ಮಿತಿ. ಅಲ್ಲೇ ನಿಂತಿದ್ರೆ ಪ್ರೊಸೆಸರಿನ ಮಿತಿ.

ನನ್ನ ಅಂಕಿ ಇವು. ಸೈಬರ್‌ಪಂಕ್ 2077: ಸರಾಸರಿ 54, ಜಿಪಿಯು 98%. ರೆಸಲ್ಯೂಶನ್ ಇಳಿಸಿದ್ರೆ ಏರಿತು. ಕೌಂಟರ್ ಸ್ಟ್ರೈಕ್ 2: ಸರಾಸರಿ 131, 1% ಲೋ 57, ಜಿಪಿಯು 60%. ರೆಸಲ್ಯೂಶನ್ ಇಳಿಸಿದ್ರೆ 134, ಅಂದ್ರೆ ಅಲ್ಲೇ ಇದೆ.

ಒಂದೇ ಪಿಸಿ, ಎರಡು ಉತ್ತರ.

ಇನ್ನೊಂದು ವಿಷಯ. ಟಾಸ್ಕ್ ಮ್ಯಾನೇಜರ್‌ನಲ್ಲಿ "ಸಿಪಿಯು 45%" ಅಂತ ನೋಡಿ, "ಇನ್ನೂ ಅರ್ಧ ಖಾಲಿ ಇದೆಯಲ್ಲ" ಅಂತ ವಾದ ಮಾಡೋರಿದ್ದಾರೆ. 2600ನಲ್ಲಿ 12 ಥ್ರೆಡ್. ಒಂದು ಥ್ರೆಡ್ ಪೂರ್ತಿ ತುಂಬಿದ್ರೂ ಒಟ್ಟು ಲೆಕ್ಕದಲ್ಲಿ ಅದು 8.3% ಅಷ್ಟೇ. ಗೇಮಿನ ಮುಖ್ಯ ಕೆಲಸ ಒಂದೆರಡು ಥ್ರೆಡ್ ಮೇಲೇ ಬಿದ್ದಿರುತ್ತೆ. ಮಿಕ್ಕವು ಖಾಲಿ ಕೂತಿದ್ರೂ ಆಟ ತಡವರಿಸಬಹುದು. ಆದ್ದರಿಂದ ಸಿಪಿಯು ಶೇಕಡಾ ನಂಬಬೇಡಿ, ಜಿಪಿಯು ಶೇಕಡಾ ನೋಡಿ.

4/8

ದುಡ್ಡು ತೆಗೆಯೋ ಮುಂಚೆ, ದುಡ್ಡಿಲ್ಲದ ಕೆಲಸ ಮುಗಿಸಿ.

ಒಂದು, ರ‍್ಯಾಮ್ ಎಷ್ಟು ವೇಗದಲ್ಲಿ ಓಡ್ತಿದೆ ನೋಡಿ. ಪ್ಯಾಕೆಟ್ ಮೇಲೆ 3000 ಅಥವಾ 3200 ಅಂತ ಇದ್ರೂ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ರೆ 2133 ಅಥವಾ 2400ರಲ್ಲೇ ಓಡುತ್ತೆ. ಬಯೋಸ್ ಅಪ್‌ಡೇಟ್ ಆದಾಗ ಈ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ವಾಪಸ್ ಹೋಗಬಹುದು. ಹಳೇ ರೈಜೆನ್‌ಗಳಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಪ್ರೊಸೆಸರ್ ಒಳಗಿನ ಭಾಗಗಳನ್ನ ಜೋಡಿಸೋ ದಾರಿಯ ವೇಗವೂ ರ‍್ಯಾಮ್ ವೇಗದ ಜೊತೆಗೇ ಕಟ್ಟಿಕೊಂಡಿದೆ.

ಎರಡು, ರ‍್ಯಾಮ್ ಒಂದೇ ಕಡ್ಡಿ ಇದೆಯಾ, ಎರಡಾ? 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಗೇಮ್‌ಗೆ ಒಳ್ಳೇದು, ಎರಡು ದಾರಿಯಲ್ಲಿ ಡೇಟಾ ಹೋಗಿ ಬರುತ್ತೆ.

ಮೂರು, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ 144ರಲ್ಲೇ ಇದೆಯಾ ಅಂತ ನೋಡಿ. ಎಷ್ಟೋ ಮನೆಗಳಲ್ಲಿ 144ರ ಮಾನಿಟರ್ 60ರಲ್ಲಿ ಓಡ್ತಿರುತ್ತೆ.

ನಾಲ್ಕು, ಧೂಳು. ಕೂಲರ್ ಫ್ಯಾನ್ ಬಿಚ್ಚಿ ಬ್ರಷ್‌ನಲ್ಲಿ ಒರೆಸಿ, ಪೇಸ್ಟ್ ಒಣಗಿದ್ರೆ ಹೊಸದು ಹಚ್ಚಿ. ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಮಾತ್ರ ಪಿಸಿ "ಹಳೇದಾಗೋ" ರಹಸ್ಯ ಇಷ್ಟೇ.

ಎಲ್ಲ ಮಾಡಿ ಮತ್ತೆ ಅಳೆದೆ. ಕೌಂಟರ್ ಸ್ಟ್ರೈಕ್ 2 ಸರಾಸರಿ 131ರಿಂದ 146, 1% ಲೋ 57ರಿಂದ 68. ಒಂದು ರೂಪಾಯಿ ಖರ್ಚಿಲ್ಲ. ಆದರೂ ಸರಾಸರಿ ಫ್ರೇಮ್ 6.8 ಮಿಲಿಸೆಕೆಂಡಿಗೆ ಬಂದ್ರೆ ನಿಧಾನದ್ದು 14.7ಕ್ಕೆ ಬರ್ತಿದೆ. ಸ್ಮೋಕ್ ಬಿದ್ದು ನಾಲ್ಕು ಜನ ಒಂದೇ ಜಾಗದಲ್ಲಿ ಗುಂಡು ಹಾರಿಸುವಾಗಲೇ ಈ ನಿಧಾನದ ಫ್ರೇಮ್‌ಗಳು ಬರೋದು. ಅಂದ್ರೆ ಬೇಕಾದ ಹೊತ್ತಿಗೇ ಕೈ ಕೊಡುತ್ತೆ. ಹೌದು, ಇದು ನಿಜವಾದ ಮಿತಿ. (ನಮ್ಮ ಗ್ಯಾಂಗಿನವರಿಗೆ ಒಂದು ಮಾತು: ನಾನು ಸತ್ತ ಎಲ್ಲ ರೌಂಡಿಗೂ ಪಿಸಿ ಕಾರಣ ಅಲ್ಲ, ಗ್ರಾಫ್ ನೋಡಿದ್ದೀನಿ. ಆದ್ರೆ ಕೆಲವಕ್ಕೆ ಹೌದು!)

5/8

ಈಗ "ಯಾವಾಗ" ಅನ್ನೋ ಪ್ರಶ್ನೆ. ಹೊಸ ಪ್ರೊಸೆಸರ್ ಬಿಡುಗಡೆ ಆದ ದಿನ ನಿಮ್ಮದು ನಿಧಾನ ಆಗಲ್ಲ. ನಿನ್ನೆ ಎಷ್ಟು ಓಡ್ತಿತ್ತೋ ಇವತ್ತೂ ಅಷ್ಟೇ ಓಡುತ್ತೆ. ಬದಲಾಗೋದು ನೀವು ಆಡೋ ಗೇಮ್. 2023ರ ಸೆಪ್ಟೆಂಬರ್‌ನಲ್ಲಿ ಸಿಎಸ್‌ಗೋ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಬಂತು. ಅದೇ ಮೇಜು, ಅದೇ ಪಿಸಿ, ಆದರೆ ಕೆಲಸ ಭಾರ ಆಯ್ತು. ಹಾಗಾಗಿ ಯಾವತ್ತು ಏನು ಬಿಡುಗಡೆ ಅಂತ ನೋಡ್ತಾ ಕೂರೋದಕ್ಕಿಂತ, ನೀವು ದಿನಾ ಆಡೋ ಗೇಮ್ ಬದಲಾದಾಗ ಒಂದು ಸಲ ಅಳೆಯೋದು ಒಳ್ಳೇದು.

ಕ್ಯಾಲೆಂಡರ್ ನಿಜಕ್ಕೂ ಲೆಕ್ಕಕ್ಕೆ ಬರೋ ಜಾಗ ಎರಡೇ.

ಮೊದಲನೇದು ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಸಾಮಾನ್ಯವಾಗಿ ರೈಜೆನ್ 2000 ಸರಣಿಯಿಂದ, ಇಂಟೆಲ್‌ನಲ್ಲಿ 8ನೇ ಪೀಳಿಗೆಯಿಂದ ಶುರು. ರೈಜೆನ್ 1600 ಅಥವಾ 7ನೇ ಪೀಳಿಗೆಯ ಐ5 ಇರೋರು ಎಫ್‌ಪಿಎಸ್ ಎಷ್ಟೇ ಬರ್ತಿದ್ರೂ ಯೋಚನೆ ಮಾಡಲೇಬೇಕು. ವ್ಯಾಲರೆಂಟ್ ಆಡೋರಿಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು.

ಎರಡನೇದು ಸಾಕೆಟ್‌ನ ಆಯಸ್ಸು. "ಕಾದ್ರೆ ಬೆಲೆ ಇಳಿಯುತ್ತೆ" ಅನ್ನೋ ಮಾತು ಸಾಕೆಟ್ ಹೊಸದಾಗಿರುವಾಗ ನಿಜ. ಕೊನೆಗಾಲದಲ್ಲಿ ನಿಜ ಅಲ್ಲ. ನಮ್ಮ ಎಎಂ4 ಸಾಕೆಟ್‌ಗೆ ಬಂದವುಗಳಲ್ಲಿ ಗೇಮಿಂಗ್‌ಗೆ ಹೆಸರು ಮಾಡಿದ್ದು 2022ರ 5800ಎಕ್ಸ್3ಡಿ, 96 ಎಂಬಿ ಎಲ್3 ಕ್ಯಾಶ್ ಇರೋದು. ಅದು ಅಂಗಡಿಗಳಿಂದ ಮಾಯವಾಗ್ತಾ ಬಂದಾಗ ಅಗ್ಗ ಆಗ್ಲಿಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲೂ ಗಟ್ಟಿ ಬೆಲೆಗೇ ನಿಂತಿತು. ಹಳೇ ಬೋರ್ಡ್ ಇರೋರು ಇನ್ನೂ ಲಕ್ಷಾಂತರ ಜನ, ಚಿಪ್ ಮಾತ್ರ ಕಡಿಮೆ. ಬೇಡಿಕೆ, ಪೂರೈಕೆ: ಪಿಯು ಅರ್ಥಶಾಸ್ತ್ರ ಅಷ್ಟೇ.

6/8

ಬದಲಿಸೋದು ಅಂತ ಆದ್ರೆ ಯಾವ ದಾರಿ? ನನ್ನ ಮುಂದೆ ಇದ್ದದ್ದು ಎರಡು.

ದಾರಿ ಒಂದು: ಅದೇ ಬೋರ್ಡ್, ಅದೇ ರ‍್ಯಾಮ್, ಚಿಪ್ ಮಾತ್ರ ಹೊಸದು. ರೈಜೆನ್ 5 5600. ನೋಡೋಕೆ ಇದಕ್ಕೂ 6 ಕೋರ್, 12 ಥ್ರೆಡ್, ಅದೇ 65 ವ್ಯಾಟ್. "ಹಾಗಾದ್ರೆ ವ್ಯತ್ಯಾಸ ಎಲ್ಲಿ?" ಅಂತ ಕೇಳ್ತೀರಿ. 2600ನಲ್ಲಿ ಎಲ್3 ಕ್ಯಾಶ್ 16 ಎಂಬಿ, ಅದೂ 8 ಮತ್ತು 8 ಅಂತ ಪಾಲಾಗಿದೆ. 5600ನಲ್ಲಿ 32 ಎಂಬಿ, ಆರೂ ಕೋರ್‌ಗಳಿಗೆ ಒಟ್ಟು ಕುಟುಂಬದ ಆಸ್ತಿ. ಗರಿಷ್ಠ ವೇಗ 3.9ರಿಂದ 4.4 ಗಿಗಾಹರ್ಟ್ಸ್. ಪ್ರತಿ ಸುತ್ತಿನಲ್ಲಿ ಮಾಡೋ ಕೆಲಸವೂ ಜಾಸ್ತಿ. ಹೆಸರು ನೋಡಿ ಮೋಸ ಹೋಗಬೇಡಿ: ಪಕ್ಕದಲ್ಲೇ ಇರೋ 5500ಗೆ ಕ್ಯಾಶ್ 16 ಎಂಬಿ ಮಾತ್ರ.

ದಾರಿ ಎರಡು: ಎಎಂ5. ಹೊಸ ಚಿಪ್, ಹೊಸ ಬೋರ್ಡ್, ಜೊತೆಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ. 2022ರಲ್ಲಿ ಬಂದ ಈ ಸಾಕೆಟ್‌ಗೆ 2027ರ ತನಕವಾದರೂ ಬೆಂಬಲ ಇರುತ್ತೆ ಅಂತ ಎಎಂಡಿ ಹೇಳಿದೆ. ಅಂದ್ರೆ ಮುಂದೆ ಚಿಪ್ ಮಾತ್ರ ಬದಲಿಸೋ ಅವಕಾಶ ಉಳಿಯುತ್ತೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ನಿಮ್ಮ ಹತ್ರ ಈಗಾಗ್ಲೇ 16 ಜಿಬಿ ಡಿಡಿಆರ್4 ಇದ್ರೆ ಅದನ್ನ ಉಳಿಸಿಕೊಳ್ಳೋ ದಾರಿಗೇ ತೂಕ ಜಾಸ್ತಿ.

9400ಎಫ್ ಇರೋ ಗೆಳತಿಗೆ: ನಿನ್ನ ಬೋರ್ಡಿಗೆ 9ನೇ ಪೀಳಿಗೆಯೇ ಕೊನೆ. ಸೆಕೆಂಡ್ ಹ್ಯಾಂಡ್ ಐ7 9700 ಒಳ್ಳೇ ಬೆಲೆಗೆ ಸಿಕ್ರೆ ಸರಿ. ಇಲ್ಲ ಅಂದ್ರೆ ಕೂಡಿಡು, ಮುಂದೆ ಬೋರ್ಡ್ ಸಮೇತ ಬದಲಿಸು. ಮಧ್ಯದ ದಾರಿಗೆ ದುಡ್ಡು ಸುರೀಬೇಡ.

7/8

ಈ ಫೋಟೋದಲ್ಲಿರೋದು ನನ್ನ ರಫ್ ಬುಕ್. ಬೆಲೆಗಳು ನಾನು ಕೇಳಿ ಬರೆದುಕೊಂಡ ಅಂದಾಜು, ನೀವು ನೋಡೋ ಹೊತ್ತಿಗೆ ಬೇರೆ ಇರುತ್ತೆ. ಲೆಕ್ಕ ಹಾಕೋ ರೀತಿ ಮಾತ್ರ ಇಟ್ಟುಕೊಳ್ಳಿ.

5600: 10,000. ಹಳೇ 2600 ಮಾರಿದ್ರೆ 2,500. ಕೈಯಿಂದ ಹೋಗೋದು 7,500. ಮೂರು ವರ್ಷ ಬಳಸಿದ್ರೆ ತಿಂಗಳಿಗೆ 208 ರೂಪಾಯಿ.

ಎಎಂ5: ಮೂರೂ ಸೇರಿ 40,000. ಹಳೇದೆಲ್ಲ ಮಾರಿದ್ರೆ 9,000. ಕೈಯಿಂದ 31,000. ಐದು ವರ್ಷ ಬಳಸಿದ್ರೂ ತಿಂಗಳಿಗೆ 517. ನನ್ನ ಸಂಜೆ ಕೆಲಸದ ಒಂಬತ್ತು ತಿಂಗಳ ಸಂಬಳ. ಅಷ್ಟು ಕೊಟ್ಟರೂ ನನ್ನ 1660 ಸೂಪರ್ ಅದೇ ಇರುತ್ತೆ, ಸೈಬರ್‌ಪಂಕ್ ಅದೇ 54ರಲ್ಲೇ ನಿಂತಿರುತ್ತೆ.

ಇದನ್ನೇ ನಾವು ಕ್ಲಾಸಲ್ಲಿ ಅವಕಾಶ ವೆಚ್ಚ ಅಂತ ಓದಿದ್ದು. 31,000ದ ನಿಜವಾದ ಬೆಲೆ ಅಂದ್ರೆ ಆ ದುಡ್ಡಲ್ಲಿ ಆಗಬಹುದಾಗಿದ್ದ ಮುಂದಿನ ಒಳ್ಳೇ ಕೆಲಸ. ಮುಳುಗಿದ ವೆಚ್ಚ ಅನ್ನೋದೂ ಇಲ್ಲೇ ಬರುತ್ತೆ: "2019ರಲ್ಲಿ ಇಷ್ಟೊಂದು ಸುರಿದಿದ್ದೀವಿ, ಹೇಗೆ ಬಿಡೋದು" ಅಂತ ಹಳೇ ಬೋರ್ಡಿಗೆ ಅಂಟಿಕೊಳ್ಳೋದೂ ಲೆಕ್ಕ ಅಲ್ಲ. ಬೋರ್ಡ್ ಇನ್ನೂ ಕೆಲಸಕ್ಕೆ ಬರುತ್ತೆ ಅನ್ನೋದೊಂದೇ ಲೆಕ್ಕ.

ಕೊಳ್ಳೋಕೆ ಎಸ್‌ಪಿ ರೋಡಿಗೆ ಹೋಗೋರು ಗಮನಿಸಿ. ಬಾಕ್ಸ್ ಪೀಸ್‌ಗೆ ಎಎಂಡಿಯ ಮೂರು ವರ್ಷದ ವಾರಂಟಿ ಇದೆ, 5600 ಬಾಕ್ಸ್‌ನಲ್ಲಿ ಕೂಲರ್ ಕೂಡ ಬರುತ್ತೆ. ಟ್ರೇ ಪೀಸ್ ಅಂದ್ರೆ ಬಾಕ್ಸ್ ಇಲ್ಲದ್ದು. ಅಗ್ಗ ಇರುತ್ತೆ, ವಾರಂಟಿ ಯಾರು ಕೊಡ್ತಾರೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಕೇಳಿ, ಸೀರಿಯಲ್ ನಂಬರ್ ತಾಳೆ ನೋಡಿ.

ಹಾಕುವಾಗ ಮೂರು ಎಚ್ಚರ. ಹಳೇ ಚಿಪ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಮಧ್ಯೆ ಕರೆಂಟ್ ಹೋದ್ರೆ ಬೋರ್ಡೇ ಸತ್ತು ಹೋಗಬಹುದು, ಅದಕ್ಕೇ ಯುಪಿಎಸ್ ಇರೋ ಕಡೆ ಮಾಡಿ. ಬಿಟ್‌ಲಾಕರ್ ಆನ್ ಇದ್ರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಹೊಸ ಚಿಪ್ ಹಾಕಿದಾಗ ಕೇಳಬಹುದು. ಎಎಂ4 ಚಿಪ್‌ನ ಪಿನ್‌ಗಳು ಚಿಪ್‌ಗೇ ಇರುತ್ತವೆ. ಕೂಲರ್ ಸೀದಾ ಮೇಲಕ್ಕೆ ಎಳೆದ್ರೆ ಒಣಗಿದ ಪೇಸ್ಟ್‌ಗೆ ಅಂಟಿ ಚಿಪ್ಪೇ ಕಿತ್ತು ಬರುತ್ತೆ. ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಪಿಸಿ ಆಫ್ ಮಾಡಿ, ಕೂಲರನ್ನ ಆ ಕಡೆ ಈ ಕಡೆ ನಿಧಾನಕ್ಕೆ ತಿರುಗಿಸಿ ಬಿಡಿಸಿ.

8/8

ನನ್ನ ತೀರ್ಮಾನ. 5600 ತಗೊಳ್ತೀನಿ, ಪರೀಕ್ಷೆ ಮುಗಿದ ಮೇಲೆ.

14,000ದಲ್ಲಿ 3,000 ಪರೀಕ್ಷೆ ಶುಲ್ಕಕ್ಕೆ, ಪಿಜಿಸಿಇಟಿ ಅರ್ಜಿಗೆ ಅಂತ ತೆಗೆದಿಟ್ಟಿದ್ದೀನಿ. ಆ ಖರ್ಚುಗಳಿಗೆ ಕೊನೇ ದಿನಾಂಕ ಇದೆ, ಗೇಮ್‌ಗೆ ಇಲ್ಲ. ಮಿಕ್ಕ 11,000ದಲ್ಲಿ ಚಿಪ್ ಆಗುತ್ತೆ. ಇವತ್ತೇ ತಂದ್ರೂ ಇನ್ನೆರಡು ತಿಂಗಳು ಸರಿಯಾಗಿ ಆಡೋಕಾಗಲ್ಲ, ವಾರಂಟಿ ಮಾತ್ರ ಓಡ್ತಿರುತ್ತೆ. ಅಷ್ಟರಲ್ಲಿ ಬೆಲೆ ಏರಬಹುದು, ಅದು ಗೊತ್ತಿದ್ದೇ ಕಾಯ್ತಿದ್ದೀನಿ. 12,000 ದಾಟಿದ್ರೆ ವಾರಂಟಿ ಉಳಿದಿರೋ ಸೆಕೆಂಡ್ ಹ್ಯಾಂಡ್ ಹುಡುಕ್ತೀನಿ.

ಸೆಕೆಂಡ್ ಪಿಯು ತಮ್ಮಾ, ಈಗ ನಿನ್ನ ಪ್ರಶ್ನೆ. "ಎಲ್ರ ಹತ್ರಾನೂ ಹೊಸದಿದೆ" ಅಂತ ಅಪ್ಪನ ಮುಂದೆ ಹೋಗಬೇಡ. ನೀನು ಜಾಸ್ತಿ ಆಡೋ ಗೇಮಿನ ಮೂರು ಸಂಖ್ಯೆ ಬರೆದುಕೋ. ದುಡ್ಡಿಲ್ಲದ ರಿಪೇರಿ ಮುಗಿಸಿ ಮತ್ತೆ ಮೂರು ಸಂಖ್ಯೆ ಬರೆ. ಆಮೇಲೂ ಕಾರ್ಡ್ ಕೈ ಕಟ್ಟಿ ನಿಂತಿದ್ರೆ, ಯಾವ ಚಿಪ್, ಎಷ್ಟು, ಹಳೇದು ಎಷ್ಟಕ್ಕೆ ಹೋಗುತ್ತೆ, ಎಷ್ಟು ವರ್ಷ ಬರುತ್ತೆ ಅಂತ ಒಂದೇ ಹಾಳೆಯಲ್ಲಿ ಬರೆದು ತೋರಿಸು. ಅಪ್ಪಂದಿರಿಗೆ ಎಫ್‌ಪಿಎಸ್ ಅರ್ಥ ಆಗದೇ ಇರಬಹುದು, ಲೆಕ್ಕ ಅರ್ಥ ಆಗುತ್ತೆ. ಅಳೆದ ಮೇಲೆ ಚಿಪ್ ಬೇಡ ಅಂತ ಗೊತ್ತಾದ್ರೆ ಅದನ್ನೂ ಹೇಳು. ಕೊಡ್ತೀನಿ ಅಂದ ದುಡ್ಡನ್ನ "ಈಗ ಬೇಡಪ್ಪಾ, ಬೇಕಾದಾಗ ಕೇಳ್ತೀನಿ" ಅಂದ ಮಗನ ಮಾತಿಗೆ ಮುಂದಿನ ಸಲ ಮನೆಯಲ್ಲಿ ಬೆಲೆ ಬೇರೆಯೇ ಇರುತ್ತೆ.

ಮಿಕ್ಕವರು ಗೇಮ್, ಮಾನಿಟರ್, ಮೂರು ಸಂಖ್ಯೆ ಕಳಿಸಿ. ಒಬ್ಬೊಬ್ಬರದ್ದೇ ಕೂತು ನೋಡ್ತೀನಿ, ಪರೀಕ್ಷೆ ಓದು ಮಧ್ಯೆ ಸ್ವಲ್ಪ ತಡ ಆದ್ರೆ ಬೈಕೋಬೇಡಿ.

#ಕನ್ನಡದಲ್ಲಿಪಿಸಿ #ಲೆಕ್ಕಹಾಕಿಆಡು